ನೂರಾ ಎರಡನೇ ಪುಟದ ಅಂಚು

ಫೆಬ್ರವರಿ 3

ಉಕ್ಕಿನ ಬಾಗಿಲುಗಳ ಹಿಂದೆ ವಿರಾಜಮಾನರಾಗಿರುವ ನನ್ನ ಅಣ್ಣನವರ ಸನ್ನಿಧಾನಕ್ಕೆ,

ಬಾಡಿಗೆ ಪುಸ್ತಕದಂಗಡಿಯ ಏಕೈಕ ನೌಕರಳೂ ಗೋಂದಿನ ಡಬ್ಬಿಯ ಒಡತಿಯೂ ಆದ ನಾನು ಸಲ್ಲಿಸುವ ವರದಿ: ‘ಕುದುರೆ ಮಾಲೆ’ ಕಾದಂಬರಿಯ ಎಂಟನೆಯ ಭಾಗವನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಬಂಡಿ ಹತ್ತಿಕೊಂಡು ಅಮೆರಿಕದ ಆ ಹುಲ್ಲುಬಯಲಿಗೆ ಬಂದ ನಮ್ಮ ಟೀಚರಮ್ಮನಿಗೆ ಇನ್ನೂ ಮದುವೆಯಾಗಿಲ್ಲ. ಆ ಊರಿನ ಪೊಲೀಸ್ ಷರೀಫನೂ ಕಾಯುತ್ತಿದ್ದಾನೆ, ಗಾಯದ ಮುಖದ ದರೋಡೆಕೋರನೂ ಕಾಯುತ್ತಿದ್ದಾನೆ. ಈ ಭಾಗದಲ್ಲಿ ಗುಂಡಿಗೆ ಹನ್ನೊಂದು, ಚಾಕುವಿಗೆ ಮೂರು, ಕುದುರೆಯ ಕಾಲಿಗೆ ಒಂದು, ಒಟ್ಟು ಹದಿನೈದು ಹೆಣ, ಮುತ್ತು ಎರಡೇ. ಆ ನೆಲದ ಹಳೆಯ ಜನರನ್ನು ಸೇರಿಸಿಲ್ಲ. ಪುಟಕ್ಕೆ ಇಪ್ಪತ್ತರಂತೆ ಬೀಳುವ ಅವರನ್ನು ಬರೆದವರೇ ಎಣಿಸಿಲ್ಲ, ನಾನು ಯಾವ ಲೆಕ್ಕದವಳು?

ಈಗ ನಿನ್ನ ಮೇಲಿನ ಆರೋಪ. ನೀನು ವಾಪಸು ಕಳಿಸಿದ ಏಳನೆಯ ಭಾಗದ ಪುಟ 84ರಲ್ಲಿ ಗಾಯದ ಮುಖದವನು ಒಂದೇ ಗುಂಡಿಗೆ ಎದುರಾಳಿಯನ್ನು ಕೆಡವುತ್ತಾನೆ. ಅಂಚಿನಲ್ಲಿ ನಿನ್ನ ಕೋಳಿಕಾಲಿನ ಅಕ್ಷರ: ‘ಇಷ್ಟು ಬೇಗ ಯಾರೂ ಸಾಯಲ್ಲ.’ ಪುಸ್ತಕದಲ್ಲಿ ಗೀಚುವುದು ಅಂಗಡಿಯ ನಿಯಮ ನಾಲ್ಕರ ಉಲ್ಲಂಘನೆ. ರಬ್ಬರ್ ಕೈಗೆತ್ತಿಕೊಂಡಿದ್ದೆ. ಆದರೆ ಅಳಿಸಲಿಲ್ಲ, ಏನಾಗುತ್ತದೋ ನೋಡೋಣ ಅಂತ ಮುಂದಿನ ಸದಸ್ಯರಿಗೆ ಹಾಗೆಯೇ ಕೊಟ್ಟೆ. ನಿನ್ನೆ ಪುಸ್ತಕ ಬಂತು. ನಿನ್ನ ಸಾಲಿನ ಕೆಳಗೆ ನೀಲಿ ಪೆನ್ಸಿಲ್‌ನಲ್ಲಿ ದುಂಡಗೆ ಬರೆದಿತ್ತು: ‘ನಿಮಗೆ ಹೇಗೆ ಗೊತ್ತು?’

ಉತ್ತರ ಕೊಡುವ ಹೊಣೆ ತಮ್ಮದು.

ಪತ್ರ ತೆರೆದು ಓದುತ್ತಿರುವ ಜೈಲಿನ ಗುಮಾಸ್ತರಿಗೂ ನಮಸ್ಕಾರ. ಸ್ವಾಮೀ, ಇದರಲ್ಲಿ ಯಾರೂ ಓಡಿಹೋಗುವುದಿಲ್ಲ.

ಇಂತಿ,
ತರಲೆ

ಫೆಬ್ರವರಿ 19

ತರಲೆ,

ಪುಸ್ತಕ ಬಂತು. ಮಧ್ಯಾಹ್ನ ಊಟದ ಗಂಟೆ ಆದಮೇಲೆ ನಾನು ಓದುತ್ತೇನೆ, ನಲವತ್ತು ಜನ ಕೇಳುತ್ತಾರೆ. ಟೀಚರಮ್ಮ ಷರೀಫನಿಗೆ ಸೇರಬೇಕು ಅಂತ ಒಂದು ಕಡೆ, ಗಾಯದ ಮುಖದವನಿಗೆ ಸೇರಬೇಕು ಅಂತ ಇನ್ನೊಂದು ಕಡೆ. ಮೊನ್ನೆ ಮಾತಿಗೆ ಮಾತು ಬೆಳೆದು ಬೀಗದ ಕಳ್ಳ ಲಾರಿ ಡ್ರೈವರನ ಕಿವಿ ಕಚ್ಚಿಬಿಟ್ಟ. ಕಿವಿಯ ತುದಿ ನೆಲದ ಮೇಲೆ ಬಿದ್ದಿತ್ತು. ಡ್ರೈವರ್ ಅದನ್ನ ಎತ್ತಿಕೊಂಡು, ‘ಏನೇ ಮಾಡು, ಅವಳು ಷರೀಫನಿಗೇ’ ಅಂದ. ಬಿಡಿಸಲು ಹೋದ ನನಗೂ ತಟ್ಟೆಯಲ್ಲಿ ಏಟು ಬಿತ್ತು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಅಮ್ಮನಿಗೆ ಹೇಳಬೇಡ.

ಇಂಥ ಗಂಡಸರು ಈ ಪ್ರೇಮಕತೆಗೆ ಯಾಕೆ ಬೀಳುತ್ತಾರೆ ಅಂತ ನೀನು ನಗುತ್ತಿರಬಹುದು. ನಾನೂ ಯೋಚನೆ ಮಾಡಿದೆ. ಅಲ್ಲಿ ಒಬ್ಬ ಹೊಡೆಯುತ್ತಾನೆ, ಒಬ್ಬ ಬೀಳುತ್ತಾನೆ. ಟೀಚರಮ್ಮ ಬಿಸಿನೀರು ತಂದು ಹೊಡೆದವನ ಕೈ ತೊಳೆಯುತ್ತಾಳೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಬೀಳುವ ಸದ್ದು ಆದಮೇಲೆ ಏನೇನು ಇರುತ್ತದೋ ಅದು ಯಾವುದೂ ಅಲ್ಲಿಲ್ಲ.

ನೀಲಿ ಪೆನ್ಸಿಲ್ ಯಾರು? ಎಂಟನೇ ಭಾಗದ ಮೊದಲ ಪುಟದಲ್ಲಿ ಉತ್ತರ ಬರೆದಿದ್ದೇನೆ: ‘ಒಮ್ಮೆ ಹತ್ತಿರದಿಂದ ನೋಡಿದ್ದೆ.’ ಅಷ್ಟೇ.

ಗಾಯದ ಮುಖದವನು ಸೆರೆಮನೆಯಿಂದ ಪರಾರಿಯಾಗುವ ಹಾಳೆಯನ್ನು ಗುಮಾಸ್ತರು ಹರಿದುಕೊಂಡಿದ್ದಾರೆ. ಒಂದು ಪುಟದಲ್ಲಿ ಒಳಗೆ ಕೂತಿದ್ದವನು ಮುಂದಿನ ಪುಟದಲ್ಲಿ ಕುದುರೆ ಮೇಲಿದ್ದಾನೆ. ಇಲ್ಲಿ ನಲವತ್ತು ಜನಕ್ಕೂ ಅದು ಹೇಗೆ ಅಂತ ತಿಳಿಯಬೇಕಂತೆ. ಯಾಕೋ!

ಅಣ್ಣ

ಮಾರ್ಚ್ 2

ಹುಬ್ಬು ಹೊಲಿಸಿಕೊಂಡ ವೀರಾಗ್ರಣಿಗೆ,

ಹರಿದ ಹಾಳೆಯ ಜಾಗಕ್ಕೆ ನಾನೇ ಕೈಬರಹದಲ್ಲಿ ಒಂದು ಬರೆದು ಅಂಟಿಸಿದೆ. ನನ್ನ ಪ್ರಕಾರ ಗಾಯದ ಮುಖದವನು ಕಾವಲಿನವನಿಗೆ ಒಂದು ಪ್ರೇಮಕಾದಂಬರಿ ಓದಲು ಕೊಟ್ಟ. ಕಾವಲಿನವನು ಕಣ್ಣೀರು ಒರೆಸಿಕೊಳ್ಳುತ್ತಿರುವಾಗ ಬೀಗದ ಕೈ ಎಗರಿಸಿ, ಅದೇ ಬೀಗದಿಂದ ಅವನ ತಲೆಗೆ ಬಾರಿಸಿದ. ಮುಂದಿನ ಸದಸ್ಯರು ಅದನ್ನೋದಿ ನಕ್ಕು, ‘ಇದು ನಿಂದೇ ಕೈಬರಹ ಅಲ್ವಾ, ಕಳ್ಳಿ?’ ಅಂತ ನನ್ನ ಕಿವಿ ಹಿಂಡಿದರು.

ಆ ಸದಸ್ಯರೇ ನೀಲಿ ಪೆನ್ಸಿಲ್. ನಿವೃತ್ತ ಹೆಡ್‌ಮಾಸ್ತರು. ಮೀಸೆ ಇದೆ. ಗೌರವದಿಂದ ನಡೆದುಕೋ.

ಎಂಟನೆಯ ಭಾಗದಲ್ಲಿ ಅವರು ಬರೆದದ್ದನ್ನು ಇಲ್ಲಿ ನಕಲು ಮಾಡಿದ್ದೇನೆ. ನೀನು ಆ ನೆಲದ ಹಳೆಯ ಜನರ ಬಗ್ಗೆ ‘ಸತ್ತವರಿಗೆ ಹೆಸರೇ ಇಲ್ಲವಾ?’ ಎಂದು ಕೇಳಿದ್ದರ ಕೆಳಗೆ: ‘ಇದ್ದರೂ ಕೊಂದವನಿಗೆ ಯಾಕೆ ಬೇಕು?’ ನೂರಿಪ್ಪತ್ತನೇ ಪುಟದಲ್ಲಿ ಇನ್ನೊಂದು: ‘ಇವರೆಲ್ಲ ಎದುರು ಬದುರು ನಿಂತು ಹೊಡೆದಾಡುತ್ತಾರೆ. ಹಿಂದಿನಿಂದ ಹೊಡೆಯುವವನು ಈ ಪುಸ್ತಕಗಳಲ್ಲಿ ಯಾಕೆ ಬರುವುದಿಲ್ಲ? ನಿಮಗೆ ಗೊತ್ತಿದ್ದರೆ ತಿಳಿಸಿ.’

ಮಾಸ್ತರು ಗಟ್ಟಿ ಪ್ರಶ್ನೆಪತ್ರಿಕೆಯನ್ನೇ ಕೊಟ್ಟಿದ್ದಾರೆ. ಒಂಬತ್ತು ಮತ್ತು ಹತ್ತು ಎರಡೂ ಕಳಿಸಿದ್ದೇನೆ. ಒಟ್ಟು ಹೆಣ ನಲವತ್ತು, ಮುತ್ತು ಐದು. ಅದರಲ್ಲಿ ಒಂದು ಕುದುರೆಗೆ.

ತರಲೆ

ಮಾರ್ಚ್ 21

ತರಲೆ,

ಮುಖ್ಯವಾದ ಸುದ್ದಿ. ಹತ್ತು ವರ್ಷದಲ್ಲಿ ಆರು ಮುಗಿಯಿತಲ್ಲ, ಅವಧಿಗೆ ಮುಂಚೆ ಬಿಡುವವರ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಮೇ ಮೊದಲ ವಾರ ಮಂಡಳಿ ಕೂರುತ್ತದೆ. ನನ್ನಿಂದ ಸತ್ತ ಪೇಂಟರನ ಹೆಂಡತಿ ಏನು ಹೇಳುತ್ತಾರೆ ಅಂತ ಕೇಳಿ ಕಾಗದ ಕಳಿಸುತ್ತಾರಂತೆ. ಆಕೆ ಆಕ್ಷೇಪ ಇಲ್ಲ ಅಂತ ಬರೆದರೆ ಬಿಡುಗಡೆ ಆದ ಹಾಗೇ. ಬೇಡ ಅಂದರೆ ಇನ್ನೂ ನಾಲ್ಕು ವರ್ಷ. ಆಕೆ ಐಸ್ ಫ್ಯಾಕ್ಟರಿ ಹಿಂದೆ ಹೊಲಿಗೆ ಮಾಡಿಕೊಂಡಿದ್ದರು. ಈಗ ಎಲ್ಲಿದ್ದಾರೋ. ನೀನಾಗಲಿ ಅಮ್ಮನಾಗಲಿ ಹೋಗಿ ಕಾಲಿಗೆ ಬೀಳಬೇಡಿ.

ಮಾಸ್ತರ ಪ್ರಶ್ನೆ ತಲೆ ಕೊರೆಯುತ್ತಿದೆ. ಹತ್ತನೇ ಭಾಗ, ಪುಟ 61ರಲ್ಲಿ ಬರೆದಿದ್ದೇನೆ. ಕೋರ್ಟಿನಲ್ಲಿ ಹೇಳದೇ ಇದ್ದದ್ದು. ನಿನಗೂ ಹೇಳದೇ ಇದ್ದದ್ದು. ಗುರುತಿಲ್ಲದವರಿಗೆ ಹೇಳುವುದು ಸುಲಭ. ಅದನ್ನ ನೀನು ಓದಬೇಡ. ಹಾಗೇ ಮಾಸ್ತರಿಗೆ ತಲುಪಿಸು.

ಅಣ್ಣ

ಮಾರ್ಚ್ 30

ಅಣ್ಣಾ,

ಓದಿದೆ. ಓದಬೇಡ ಅಂದರೆ ಓದದೇ ಇರುವವಳಾಗಿದ್ದರೆ ನನ್ನನ್ನು ಯಾರೂ ತರಲೆ ಅನ್ನುತ್ತಿರಲಿಲ್ಲ.

ಆಮೇಲೆ ಅಳಿಸಿದೆ. ಎರಡು ರಬ್ಬರ್ ಸವೆದವು, ಹಾಳೆ ತೂತಾಯಿತು. ಆ ತೂತಿಗೆ ಗೋಂದು ಹಚ್ಚಿದೆ. ಆದರೂ ನಿನ್ನ ಸಾಲು ತಲೆಯಿಂದ ಅಳಿಯಲಿಲ್ಲ: ‘ಅವನು ಆ ಕಡೆ ತಿರುಗಿಕೊಂಡಿದ್ದ. ಕೈಯಲ್ಲಿ ಬಣ್ಣದ ಡಬ್ಬಿ ಇತ್ತು.’ ಇಷ್ಟು ವರ್ಷ ನಾವೆಲ್ಲ ಅದನ್ನು ಜಗಳ ಅಂದುಕೊಂಡಿದ್ದೆವು. ಇಬ್ಬರೂ ಕೈ ಮಾಡಿದರು, ಪೇಂಟರ್ ಜಾರಿ ಬಿದ್ದ, ನಿನ್ನ ಕೈಯಲ್ಲಿ ಗಾಡಿ ಎತ್ತುವ ಜಾಕ್ ರಾಡ್ ಇತ್ತು ಅಂತ. ಅಮ್ಮ ಈಗಲೂ ಹಾಗೆಯೇ ಹೇಳುತ್ತಾಳೆ.

ಇನ್ನು ನನ್ನ ಸರದಿ. ಹೆಡ್‌ಮಾಸ್ತರೂ ಇಲ್ಲ, ಮೀಸೆಯೂ ಇಲ್ಲ. ನೀಲಿ ಪೆನ್ಸಿಲ್ ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್. ಅದು ಪೇಂಟರನ ಹೆಂಡತಿಯದು.

ಸದಸ್ಯತ್ವದ ಚೀಟಿ ತುಂಬಿದ ದಿನವೇ ನನಗೆ ಗೊತ್ತಾಗಿತ್ತು. ಗಂಡನ ಹೆಸರಿನ ಹಿಂದೆ ‘ದಿವಂಗತ’ ಅಂತ ಬರೆದಿದ್ದರು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಆಗ ನನಗೆ ಹದಿಮೂರು, ಅಮ್ಮ ನನ್ನನ್ನು ಕೋರ್ಟಿನ ಕಡೆ ಸುಳಿಯಲೂ ಬಿಟ್ಟಿರಲಿಲ್ಲ. ಅಂಚಿನಲ್ಲಿ ಬರೆಯುವವರು ಯಾರು ಅಂತ ಅವರು ಕೇಳಿದಾಗ, ‘ದೂರದ ಸಮುದ್ರದ ದೀಪಸ್ತಂಭ ಕಾಯೋರು, ಪಾಪ, ಕೆಲಸ ಬಿಟ್ಟು ಹೊರಗೆ ಬರೋ ಹಾಗಿಲ್ಲ’ ಅಂದುಬಿಟ್ಟೆ. ಆ ಕ್ಷಣಕ್ಕೆ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆಮೇಲೆ ಆಸೆ ಹತ್ತಿತು. ದೀಪಸ್ತಂಭದವನ ಮೇಲೆ ಅವರಿಗೆ ಒಳ್ಳೆಯ ಅಭಿಪ್ರಾಯ ಬಂದಮೇಲೆ, ನೀನು ಯಾರೆಂದು ನಿಧಾನವಾಗಿ ಹೇಳಿದರಾಯಿತು ಅಂದುಕೊಂಡೆ. ಕುದುರೆ ಮಾಲೆಯಲ್ಲಿ ಹಾಗೆಲ್ಲ ಆಗುತ್ತದೆ.

ಒಮ್ಮೆ ಕೇಳಿದ್ದೆ: ‘ಅಕ್ಕಾ, ಇಷ್ಟು ಹೊಡಿ ಬಡಿ ಇರೋದನ್ನ ನೀವ್ ಹೇಗ್ ಓದ್ತೀರಾ?’

‘ಅಲ್ಲಿ ಗಂಡ ಸತ್ತೋಳು ಬಂದೂಕು ತಗೊಂಡು ಹೊರಡ್ತಾಳೆ ಕಣೇ. ನಾನು ಹೊಲಿಗೆ ಮಿಷನ್ ತಗೊಂಡೆ,’ ಅಂದರು. ನಕ್ಕರು. ಪುಸ್ತಕವನ್ನು ಎದೆಗೊತ್ತಿಕೊಂಡು ಹೋದರು.

ಮಂಡಳಿಯ ಕಾಗದ ಅವರಿಗೆ ತಲುಪಿದೆ. ನಿನ್ನೆ ಅದನ್ನು ನನ್ನ ಮೇಜಿನ ಮೇಲಿಟ್ಟು, ‘ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರೆದುಕೊಡು. ಆಕ್ಷೇಪ ಇಲ್ಲ ಅಂತ ಬರಿ. ಇನ್ನೆಷ್ಟು ದಿನ ಅವನನ್ನ ತಲೇಲಿ ಹೊತ್ಕೊಂಡು ತಿರುಗಲಿ. ಆ ದೀಪದ ಮನುಷ್ಯ ಬರೆಯೋದನ್ನ ಓದ್ತಾ ಓದ್ತಾ ನನ್ನ ಸಿಟ್ಟೂ ಸವೆದುಹೋಯ್ತು,’ ಅಂದರು.

ಬರೆದಿಟ್ಟಿದ್ದೇನೆ. ಅವರ ಸಹಿ ಒಂದು ಬಾಕಿ. ಮುಂದಿನ ತಿಂಗಳ ಕೊನೆಗೆ ಬಂದು ಹಾಕುತ್ತೇನೆ ಅಂದಿದ್ದಾರೆ.

ಅಣ್ಣಾ, ಅಲ್ಲಿಯವರೆಗೆ ಪೆನ್ಸಿಲ್ ಮುಟ್ಟಬೇಡ. ನಿನ್ನ ಮಂಚದ ಮೇಲೆ ಪೇರಿಸಿದ್ದ ಪೆಟ್ಟಿಗೆಗಳನ್ನು ಅಮ್ಮ ಕೆಳಗಿಳಿಸಿದ್ದಾಳೆ. ಇಷ್ಟು ಮಾತ್ರ ಮಾಡು.

ಗುಮಾಸ್ತರೇ, ಇದರಲ್ಲೂ ಯಾರೂ ಓಡಿಹೋಗುವುದಿಲ್ಲ. ದಯವಿಟ್ಟು ತಲುಪಿಸಿ.

ತರಲೆ

ಏಪ್ರಿಲ್ 22

ತರಲೆ,

ಹದಿಮೂರನೇ ಭಾಗ ವಾಪಸು ಕಳಿಸಿದ್ದೇನೆ. ಪುಟ 102.

ದೀಪಸ್ತಂಭದವನ ಮಾತಿಗೆ ಕರಗಿ ಆಕೆ ಸಹಿ ಹಾಕಿದರೆ ಅದು ಹಿಂದಿನಿಂದ ಹೊಡೆದ ಇನ್ನೊಂದು ಏಟು. ನನ್ನ ಕೈಯಲ್ಲಿ ಅದು ಆಗುವುದಿಲ್ಲ.

ಅಳಿಸಬೇಡ. ಇಷ್ಟು ಮಾತ್ರ ಮಾಡು.

ಅಣ್ಣ

ಮೇ 5

ಅಣ್ಣಾ,

ಮಂಡಳಿ ಏನು ಹೇಳಿತು ಅನ್ನುವುದು ಇಷ್ಟು ಹೊತ್ತಿಗೆ ನಿನಗೆ ತಿಳಿದಿರುತ್ತದೆ. ಯಾಕೆ ಅನ್ನುವುದನ್ನು ನಾನು ಹೇಳಬೇಕು. ಬಾಯಿ ಊದಿಕೊಂಡಿದೆ. ಪುಣ್ಯಕ್ಕೆ ಬರೆಯಲು ಬಾಯಿ ಬೇಕಾಗಿಲ್ಲ.

ನಿನ್ನ ಪುಸ್ತಕ ಬಂದಮೇಲೆ ನಾಲ್ಕು ದಿನ ಒಂದು ಕೈಯಲ್ಲಿ ರಬ್ಬರ್, ಇನ್ನೊಂದು ಕೈಯಲ್ಲಿ ಪುಟ 102 ಹಿಡಿದು ಕೂತಿದ್ದೆ. ಆ ಪುಟದಲ್ಲಿ ಷರೀಫನೂ ದರೋಡೆಕೋರನೂ ರಸ್ತೆಯ ನಡುವೆ ಎದುರು ಬದುರಾಗುತ್ತಾರೆ. ಸುತ್ತ ನಾಲ್ಕೂ ಅಂಚಿನಲ್ಲಿ ನೀನು. ಎಷ್ಟು ಸಲ ಓದಿದೆನೋ, ಕಂಠಪಾಠವಾಗಿದೆ:

‘ನಾನು ದೀಪಸ್ತಂಭದವನಲ್ಲ. ನಿಮ್ಮ ಯಜಮಾನರನ್ನು ಕೊಂದ ವೆಲ್ಡರ್. ಜಗಳ ಆಗಿರಲಿಲ್ಲ. ಅವರು ನನ್ನ ಕೆಲಸ ನೋಡಿ, ನಿನ್ನ ವೆಲ್ಡಿಂಗ್ ಮೇಲೆ ಬಣ್ಣ ಹೊಡೆಯೋದೂ ಹಂದಿಗೆ ಪೌಡರ್ ಹಚ್ಚೋದೂ ಒಂದೇ ಅಂದರು. ಗ್ಯಾರೇಜಿಗೆ ಗ್ಯಾರೇಜೇ ನಕ್ಕು, ಮತ್ತೆ ತಂತಮ್ಮ ಕೆಲಸಕ್ಕೆ ಬಗ್ಗಿತು. ಅವರೂ ನಗುತ್ತಲೇ ಆ ಕಡೆ ತಿರುಗಿ ಡಬ್ಬಿ ಎತ್ತಿಕೊಂಡರು. ಆಗ ಜಾಕ್ ರಾಡಿನಿಂದ ತಲೆಯ ಹಿಂಭಾಗಕ್ಕೆ ಹೊಡೆದೆ. ಬಿದ್ದಮೇಲೆ ಇನ್ನೊಂದು ಹೊಡೆದೆ. ಕೆಂಪು ಬಣ್ಣದ ಡಬ್ಬಿ ಚೆಲ್ಲಿ, ಯಾವುದು ರಕ್ತ ಯಾವುದು ಬಣ್ಣ ಅಂತ ಯಾರಿಗೂ ತಿಳಿಯಲಿಲ್ಲ. ಎದುರಿನಿಂದ ಅಂತ ಕೋರ್ಟಿನಲ್ಲಿ ಸುಳ್ಳು ಹೇಳಿದೆ. ಹಿಂದಿನಿಂದ ಹೊಡೆಯುವವನು ಪುಸ್ತಕದಲ್ಲಿ ಯಾಕೆ ಬರುವುದಿಲ್ಲ ಅಂತ ಕೇಳಿದ್ದಿರಿ. ಅವನು ಓದುವವರ ಜಾಗದಲ್ಲಿ ಕೂತಿರುತ್ತಾನೆ.’

ಕೊಟ್ಟೆ. ಏಪ್ರಿಲ್ ಇಪ್ಪತ್ತೊಂಬತ್ತು, ಬೆಳಗ್ಗೆ ಹತ್ತೂವರೆ. ಅವರು ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದರು. ‘ಮೊದಲು ಇದನ್ನ ಓದಿಬಿಡಿ ಅಕ್ಕಾ,’ ಅಂದೆ.

ನಿಂತೇ ಓದಿದರು. ಪುಸ್ತಕವನ್ನು ತಿರುಗಿಸಿ ತಿರುಗಿಸಿ ನಾಲ್ಕೂ ಅಂಚು ಓದಿದರು. ಆಮೇಲೆ ನನ್ನ ಕಡೆ ನೋಡಿ ಅಂದರು:

‘ಇದನ್ನ ಬರೆದೋಳು ನೀನು.’

ಅದು ನನ್ನ ತಲೆಗೇ ಹೊಳೆದಿರಲಿಲ್ಲ ಅಣ್ಣಾ. ಹರಿದ ಹಾಳೆಗೆ ಕಳ್ಳ ಹಾಳೆ ಅಂಟಿಸಿದವಳು ನಾನೇ ತಾನೆ! ಹಿಂದಿನ ಅಂಚುಗಳೂ, ದೀಪಸ್ತಂಭವೂ, ಎಲ್ಲವೂ ಅಕ್ಷರ ಬದಲಿಸಿ ನಾನೇ ಆಡಿದ ಆಟ ಅಂದುಕೊಂಡರು.

‘ನಮ್ಮೋರ ಸಾವೇ ಬೇಕಿತ್ತೇನೇ ನಿನಗೆ, ತಮಾಷೆಗೆ?’

ಮೇಜಿನ ಮೇಲೆ ಹೊಲಿಗೆ ಹಾಕುವ ಕಬ್ಬಿಣದ ಸ್ಟೇಪ್ಲರ್ ಇತ್ತು, ದಪ್ಪ ಪುಸ್ತಕಗಳಿಗೆ ಬಳಸುವುದು. ಅದು ಅವರ ಕೈಗೆ ಹೋದದ್ದು ಕಾಣಲಿಲ್ಲ. ಬಾಯಿಗೆ ಬಿದ್ದದ್ದು ಗೊತ್ತಾಯಿತು. ಸದ್ದು ಮೊದಲು ಕೇಳಿಸಿತು. ನೋವು ಆಮೇಲೆ ಬಂತು. ಮುಂದಿನ ಎರಡು ಹಲ್ಲು ಸದಸ್ಯತ್ವದ ಚೀಟಿಗಳ ಮೇಲೆ ಬಿದ್ದವು. ಕುದುರೆ ಮಾಲೆಯಲ್ಲಿ ಇಂಥ ಏಟು ತಿಂದವರು ತಕ್ಷಣ ಎದ್ದು ಡೈಲಾಗ್ ಹೇಳುತ್ತಾರೆ. ಸುಳ್ಳು. ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ.

‘ಹೇಳು! ತಮಾಷೆ ತಾನೆ?’

‘ಹೌದು’ ಅನ್ನಬಹುದಿತ್ತು. ಒಂದು ಶಬ್ದ. ಇನ್ನೆರಡು ಏಟು ಕೊಟ್ಟು, ನನ್ನ ಮುಖಕ್ಕೆ ಉಗಿದು, ಆ ಕಾಗದಕ್ಕೆ ಸಹಿ ಹಾಕಿ ಹೋಗುತ್ತಿದ್ದರು. ನೀನು ಇವತ್ತು ಮನೆಯಲ್ಲಿರುತ್ತಿದ್ದೆ. ಹುಟ್ಟಿದಾಗಿನಿಂದ ನಾನು ಹೇಳಿದ ಸುಳ್ಳುಗಳ ಲೆಕ್ಕವಿಲ್ಲ. ಅದರಲ್ಲಿ ಒಂದೂ ಇದರಷ್ಟು ಉಪಯೋಗಕ್ಕೆ ಬಂದಿರಲಿಲ್ಲ.

ರಕ್ತ ನುಂಗಿ, ‘ಅಲ್ಲ ಅಕ್ಕಾ. ಅದು ನನ್ನ ಅಣ್ಣ,’ ಅಂದೆ.

ಎರಡನೆಯ ಏಟು ಕಿವಿಯ ಮೇಲೆ ಬಿತ್ತು.

ಆಮೇಲೆ ಅವರು ಸ್ಟೇಪ್ಲರನ್ನು ಇದ್ದ ಜಾಗದಲ್ಲೇ ಇಟ್ಟರು. ರಕ್ತ ನಿಲ್ಲಲೆಂದು, ಪುಸ್ತಕದ ಮೇಲಿನ ಧೂಳು ಒರೆಸುವ ಬಟ್ಟೆಯನ್ನು ನನ್ನ ಬಾಯಿಗೆ ತುರುಕಿ, ಗಟ್ಟಿಯಾಗಿ ಒತ್ತಿಹಿಡಿದು, ಎದುರಿನ ಸ್ಟೂಲಿನ ಮೇಲೆ ಕೂತರು. ಮೃದುವಾಗಿ ಒತ್ತಿದರು ಅಂತ ಹೇಳಲಾರೆ. ಹಾಗೆ ಕೂತೇ ಹೇಳಿದರು:

‘ಮೂರು ದಿನ ಬದುಕಿದ್ರು. ಬ್ಯಾಂಡೇಜು ಬದಲಾಯಿಸ್ದಾಗೆಲ್ಲ ಗಾಯ ಹಿಂದ್ಗಡೆ ಇದ್ದದ್ದು ನಾನು ನೋಡ್ದೆ. ಜಾರಿ ಬಿದ್ದಿದ್ದು ಅಂದ್ರು ಎಲ್ಲಾರೂ. ಎಚ್ಚರ ಬಂದಾಗ ಒಂದೇ ಮಾತು, ಯಾರು ಹೊಡೆದಿದ್ದು ನನ್ನ, ಯಾರು ಹೊಡೆದಿದ್ದು. ಅವರಿಗೆ ಗೊತ್ತೇ ಆಗ್ಲಿಲ್ಲ ಕಣೇ. ತಾನೇನೋ ನಗಿಸ್ತಿದ್ದೆ ಅಂತ ಅಷ್ಟೇ ನೆನಪು. ಅವರೂ ನಿನ್ನ ಹಾಗೇ. ಬಾಯಿ ಸುಮ್ನಿರ್ತಿರ್ಲಿಲ್ಲ.’

ನಾನು ಬರೆದ ಕಾಗದವನ್ನು ಹರಿದು, ಹಿಂಬದಿಯಲ್ಲಿ ಅಲ್ಲ, ಹೊಸ ಹಾಳೆ ಕೇಳಿ ತೆಗೆದುಕೊಂಡು ತಾವೇ ಬರೆದರು. ‘ಬಿಡಬೇಡಿ.’ ಒಂದೇ ಶಬ್ದ. ಸಹಿ. ಹದಿಮೂರನೆಯ ಭಾಗವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಮೆಟ್ಟಿಲಿನಿಂದ ಬಿದ್ದೆ ಅಂತ ಅಮ್ಮನಿಗೆ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಜಾರಿ ಬಿದ್ದರು ಅಂದರೆ ನಂಬುತ್ತಾರೆ.

ತರಲೆ

ಮೇ 26

ತರಲೆ,

ಬಾಯಿ ಹೇಗಿದೆ? ಡಾಕ್ಟರಿಗೆ ತೋರಿಸು. ಗಟ್ಟಿ ಪದಾರ್ಥ ತಿನ್ನಬೇಡ.

ನಾಲ್ಕು ವರ್ಷ. ಮಂಡಳಿಯವರು ಓದಿ ಹೇಳಿದಮೇಲೆ, ಸುಳ್ಳೇಕೆ, ಎರಡು ದಿನ ಗೋಡೆಗೆ ಗುದ್ದಿದೆ. ಬಲಗೈ ಬೆರಳು ಎರಡು ಮುರಿದಿವೆ. ಇದನ್ನ ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕೋಳಿಕಾಲು ಅಂತ ಈಗ ಧಾರಾಳವಾಗಿ ನಗು.

‘ಯಾರು ಹೊಡೆದಿದ್ದು’ ಅಂತ ಕೇಳುತ್ತಾ ಹೋದರು ಅಂದೆಯಲ್ಲ. ಅದನ್ನ ದಿನಾ ಕೇಳಿಸಿಕೊಳ್ಳುತ್ತಿದ್ದೇನೆ. ಪ್ರತಿ ಸಲ ಉತ್ತರ ಕೊಡುತ್ತೇನೆ.

ಇಲ್ಲಿಯವರಿಗೂ ಹೇಳಿದೆ, ಹಿಂದಿನಿಂದ ಹೊಡೆದೆ ಅಂತ. ಒಂದು ವಾರ ಯಾರೂ ಓದಲು ಕರೆಯಲಿಲ್ಲ. ಆಮೇಲೆ ಕಿವಿ ಹೋದ ಡ್ರೈವರ್ ಬಂದು, ‘ನೀನು ಎಂಥೋನಾದ್ರೂ ಆಗಿರು ಮಾರಾಯ, ಟೀಚರಮ್ಮನ ಕತೆ ಮುಗಿಸು’ ಅಂದ. ಹದಿನಾಲ್ಕು, ಹದಿನೈದು ಮುಗಿಯಿತು. ಕೊನೆಯದು ಹದಿನಾರು. ಅವಳು ಯಾರಿಗೆ ಸೇರುತ್ತಾಳೆ ಅಂತ ತಿಳಿಯದೇ ಇಲ್ಲಿ ಇನ್ನೊಂದು ಕಿವಿ ಹೋಗುವ ಹಾಗಿದೆ. ಬೇಗ ಕಳಿಸು.

ಅಂಚಿನಲ್ಲಿ ಬರೆಯುವುದಿಲ್ಲ.

ಅಣ್ಣ

ಜೂನ್ 10

ಎಡಗೈ ಬರಹದ ಮಹಾಪಂಡಿತರಾದ ಅಣ್ಣನವರಿಗೆ,

ಹಲ್ಲಿಲ್ಲದ ನೌಕರಳ ಸಾಷ್ಟಾಂಗ ನಮಸ್ಕಾರ. ‘ಷರೀಫ’ ಅನ್ನಲು ಹೋದರೆ ಬರೀ ಗಾಳಿ ಬರುತ್ತದೆ. ಆದ್ದರಿಂದ ಇನ್ನುಮೇಲೆ ನಾನು ಗಾಯದ ಮುಖದವನ ಪಕ್ಷ. ಪೆಟ್ಟಿಗೆಗಳು ಮತ್ತೆ ನಿನ್ನ ಮಂಚ ಹತ್ತಿವೆ. ಅಮ್ಮ ಅವುಗಳ ಮೇಲೊಂದು ಹೊದಿಕೆ ಹಾಕಿದ್ದಾಳೆ, ಅವಕ್ಕೆ ಚಳಿಯಾಗುತ್ತದೆ ಅನ್ನುವ ಹಾಗೆ.

ಹದಿನಾರನೆಯ ಭಾಗವನ್ನು ಕಳಿಸಲು ಸಾಧ್ಯವಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ. ಕಾರಣ ಕೇಳು.

ಮೊನ್ನೆ ನಿನ್ನ ಪಾರ್ಸೆಲ್ ಕಟ್ಟುತ್ತಿದ್ದೆ. ಬಾಗಿಲಲ್ಲಿ ಅವರು ನಿಂತಿದ್ದರು. ನನ್ನ ಕೈ ತಾನಾಗಿ ಸ್ಟೇಪ್ಲರನ್ನು ಡ್ರಾಯರಿಗೆ ತಳ್ಳಿತು. ಅವರು ಅದನ್ನು ನೋಡಿದರು.

‘ಹಲ್ಲು ಕಟ್ಟಿಸ್ಕೊಂಡ್ಯಾ?’

‘ಇಲ್ಲ.’

‘ಇರ್ಲಿ. ಸ್ವಲ್ಪ ದಿನ ಬಾಯಿ ಮುಚ್ಕೊಂಡಿರು.’

ಹದಿಮೂರನೆಯ ಭಾಗವನ್ನು ಮೇಜಿನ ಮೇಲಿಟ್ಟರು. ಪುಟ 102 ಇರಲಿಲ್ಲ. ಹರಿದದ್ದಲ್ಲ, ಬಟ್ಟೆ ಕತ್ತರಿಸುವ ಹಾಗೆ, ಗೆರೆ ಹಿಡಿದು, ನೀಟಾಗಿ ಕತ್ತರಿಸಿ ತೆಗೆದಿದ್ದರು. ನಿಯಮ ಐದರ ಉಲ್ಲಂಘನೆ.

‘ಕೊನೇದು ಕೊಡು,’ ಅಂದರು.

‘ಅದನ್ನ ಬೇರೆಯೋರು ಕೇಳಿದಾರೆ ಅಕ್ಕಾ. ಕಾಯ್ತಿದಾರೆ.’

‘ಯಾರು ಅಂತ ಗೊತ್ತು. ಕೊಡು.’

ಪಾರ್ಸೆಲ್ಲಿನ ದಾರವನ್ನು ಅವರೇ ತಮ್ಮ ಕತ್ತರಿಯಿಂದ ಕತ್ತರಿಸಿ ಪುಸ್ತಕ ಎಳೆದುಕೊಂಡರು. ಕತ್ತರಿ ನನ್ನ ಬೆರಳಿನಿಂದ ಒಂದಂಗುಲ ದೂರದಲ್ಲಿತ್ತು. ತೆರೆದೇ ಇತ್ತು.

‘ಇದು ನನ್ನ ಹತ್ರ ಇರುತ್ತೆ. ಅಂಚಲ್ಲಿ ಬರೆದು ಕಳಿಸೋದೆಲ್ಲ ಮುಗೀತು ಅಂತ ಹೇಳು ಅವನಿಗೆ. ಬೇಕಾದ್ರೆ ಅವನೇ ಬಂದು ಕೇಳ್ಬೇಕು. ನನ್ನ ಎದುರಿಗೆ ನಿಂತು. ಕೊಡ್ತೀನೋ, ನಿನಗೆ ಕೊಟ್ಟಿದ್ದನ್ನೇ ಅವನಿಗೂ ಕೊಡ್ತೀನೋ, ಅವತ್ತು ನೋಡ್ತೀನಿ.’

‘ಅವನು ಬರೋಕೆ ಇನ್ನೂ ನಾಲ್ಕು ವರ್ಷ ಇದೆ.’

‘ನಂಗೆ ಗೊತ್ತಿಲ್ವಾ? ನಾನೇ ತಾನೆ ಬರೆದಿದ್ದು. ವಾಪಸು ಕೊಡೋ ತಾರೀಕು ಹಾಕು.’

ಅಣ್ಣಾ, ಅಂಗಡಿಯ ಇತಿಹಾಸದಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ಯಾರಿಗೂ ಪುಸ್ತಕ ಕೊಟ್ಟಿಲ್ಲ. ತಾರೀಕಿನ ಮುದ್ರೆಯ ವರ್ಷದ ಚಕ್ರ ಅಷ್ಟು ಮುಂದಕ್ಕೆ ಯಾವತ್ತೂ ತಿರುಗಿರಲಿಲ್ಲ. ತುಕ್ಕು ಹಿಡಿದು ಕೂತಿತ್ತು. ಉಗುರಿನಿಂದ ಮೀಟಿದೆ, ಜಗ್ಗಲಿಲ್ಲ.

ಅವರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಕತ್ತರಿಯ ತುದಿಯನ್ನು ಚಕ್ರದ ಹಲ್ಲಿನ ಸಂದಿಗೆ ಕೊಟ್ಟು ತಿರುಗಿಸಿದರು. ಒಂದು, ಎರಡು, ಮೂರು, ನಾಲ್ಕು.

ಮುದ್ರೆಯನ್ನು ಒತ್ತಿದ್ದು ನಾನು.

ತರಲೆ